ಅಶ್ವತ್ಥಮ್ಮ ಎಳೆದ ಗೀಟು

ಬಂಗಾರಪೇಟೆಯ ರೈಲ್ವೆ ಗೇಟು ದಾಟಿ ಕೋಲಾರದ ಕಡೆ ಹೊರಟರೆ ಎಡಕ್ಕೆ ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಸಾಲು. ಅಲ್ಲಿ ಹೋಗಿ ಅಶ್ವತ್ಥಮ್ಮ ಎಲ್ಲಿ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಗೀಟಮ್ಮ ಎಲ್ಲಿ ಎಂದು ಕೇಳಬೇಕು. ಲಾರಿಯ ಬೆನ್ನಿನಿಂದ ಮುಖದವರೆಗೆ, ದಾರ ಹಿಡಿಯದೆ, ಪಟ್ಟಿ ಅಂಟಿಸದೆ, ಬರೀ ಕಣ್ಣಳತೆಯಲ್ಲಿ ಒಂದೇ ಉಸಿರಿಗೆ ಬಣ್ಣದ ಗೀಟು ಎಳೆಯುವವಳು ಅವಳು. ವಯಸ್ಸು ಐವತ್ತೇಳು. ಅದರಲ್ಲಿ ಮೂವತ್ತೊಂಬತ್ತು ವರ್ಷ ಈ ಶೆಡ್ಡಿನಲ್ಲೇ ಕಳೆದಿದೆ.

ಅವಳ ಅಪ್ಪ ಮುನಿನಾರಾಯಣಪ್ಪ ಬೇತಮಂಗಲದ ಹತ್ತಿರದ ಹಳ್ಳಿಯವನು. ಎತ್ತಿನ ಗಾಡಿಯ ಚಕ್ರಕ್ಕೆ ಬಣ್ಣ ಬಳಿಯುತ್ತಿದ್ದವನು ಗಾಡಿಗಳು ಕಡಿಮೆಯಾದ ಮೇಲೆ ಲಾರಿಗೆ ಬಂದ. ಬಣ್ಣದ ಡಬ್ಬಿ ಹಿಡಿಯಲು ಮಗಳನ್ನು ಕರೆತರುತ್ತಿದ್ದ. ಒಂದು ದಿನ ಅವನಿಗೆ ಜ್ವರ. ಲಾರಿ ಅವತ್ತೇ ಹೊರಡಬೇಕಿತ್ತು. ಹದಿನೆಂಟರ ಅಶ್ವತ್ಥಮ್ಮ ಡಬ್ಬಿ ಕೆಳಗಿಟ್ಟು ಬ್ರಷ್ ಎತ್ತಿಕೊಂಡಳು. ಗೀಟು ಅಪ್ಪನದಕ್ಕಿಂತ ನೇರ ಬಂತು. ಲಾರಿ ಮಾಲೀಕ ಅದನ್ನು ನೋಡಿ ನಿಂಬೆಹಣ್ಣು ತರಿಸಿ ನಾಲ್ಕೂ ಚಕ್ರಕ್ಕೆ ಕೊಯ್ಸಿದ, ಹೆಂಗಸು ಮುಟ್ಟಿದ ಗಾಡಿ ಎಂದು. ಅವತ್ತು ಅವಳ ಹೊಟ್ಟೆಯಲ್ಲಿ ಕೂತ ಸಿಟ್ಟು ಆಮೇಲೆ ಪೂರ್ತಿ ಎದ್ದು ಹೋಗಲೇ ಇಲ್ಲ. ಕೂಗಾಡುವ ಸಿಟ್ಟಲ್ಲ. ಸಿಟ್ಟು ಬಂದರೆ ಅವಳು ಮಾತು ನಿಲ್ಲಿಸಿ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತಿದ್ದಳು. ಅದು ಎದುರಿನವರಿಗೆ ಇನ್ನಷ್ಟು ಉರಿಯುತ್ತಿತ್ತು.

ಈಗ ಶೆಡ್ಡಿನ ಪಕ್ಕದಲ್ಲೇ ಅವಳ ಮಗಳು ಶ್ಯಾಮಲ ಸ್ಟಿಕ್ಕರ್ ಅಂಗಡಿ ಇಟ್ಟಿದ್ದಾಳೆ. ಮಿಷನ್ನು ಗೀಟನ್ನು ಕತ್ತರಿಸಿ ಕೊಡುತ್ತದೆ, ಅಂಟಿಸಿದರೆ ಆಯಿತು. ತಾಯಿ ಮಗಳಿಗೆ ದಿನಾ ಒಂದು ಸುತ್ತು ಜಗಳ.

"ನಿಂದು ಅಂಟಿಸೋದು, ನಂದು ಎಳೆಯೋದು," ಎನ್ನುತ್ತಿದ್ದಳು ಅಶ್ವತ್ಥಮ್ಮ. "ಬಿಸಿಲಿಗೆ ನಿಂದು ಎದ್ದು ಬತ್ತದೆ, ಓಗು."

"ನಿಂದೂ ಐದು ವರ್ಸಕ್ಕೆ ಓಯ್ತದಲ್ಲಮ್ಮ. ಆರ್‌ಟಿಓದಲ್ಲಿ ಎಫ್‌ಸಿಗೆ ಬಿಟ್ಟಾಗ ಹೊಸಾ ಬಣ್ಣ ಬಳೀತಾರೆ."

ಅದು ನಿಜವೇ. ಅಷ್ಟು ವರ್ಷ ಎಳೆದ ಸಾವಿರಾರು ಗೀಟುಗಳಲ್ಲಿ ಐದು ವರ್ಷ ದಾಟಿದ್ದು ಒಂದೂ ಈಗ ಲೋಕದಲ್ಲಿಲ್ಲ. ಲಾರಿಗಳು ಮತ್ತೆ ಬಣ್ಣ ಬಳಿಸಿಕೊಂಡವು, ಇಲ್ಲವೇ ಗುಜರಿಗೆ ಹೋದವು. ಮೊದಲು ಅವಳಿಗೆ ಅದೊಂದು ಸಂಗತಿಯೇ ಆಗಿರಲಿಲ್ಲ. ಹೋದ ಯುಗಾದಿಯಿಂದ ಆಗಿತ್ತು. ಯುಗಾದಿಯ ಆಸುಪಾಸಿನಲ್ಲಿ ಅವಳ ಬಲಗೈ ಹೆಬ್ಬೆರಳು ನಡುಗಲು ಶುರುವಾಗಿತ್ತು. ಬೆಳಿಗ್ಗೆ ಸುಮ್ಮನಿರುತ್ತದೆ, ಹತ್ತು ಗಂಟೆಯ ಮೇಲೆ ಮಾತು ಕೇಳುವುದಿಲ್ಲ. ಚಿಕ್ಕ ಗೀಟುಗಳನ್ನು ಹೇಗೋ ನಿಭಾಯಿಸುತ್ತಿದ್ದಳು. ಉದ್ದದವನ್ನು ನಾಳೆ ನಾಡಿದ್ದು ಎಂದು ತಳ್ಳುತ್ತಿದ್ದಳು. ತನ್ನ ಕೈಯಲ್ಲಿ ಇನ್ನೊಂದೋ ಎರಡೋ ಉದ್ದನೆ ಗೀಟು ಉಳಿದಿದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಐದು ವರ್ಷಕ್ಕೆ ಅಳಿಸಿ ಹೋಗುವ ಲಾರಿಗೆ ಕೊಡಲು ಮನಸ್ಸಿರಲಿಲ್ಲ. ಒಂದಾದರೂ ಉಳಿಯಬೇಕು.

ಹಾಗೆ ಇರುವಾಗ ಒಂದು ಮಧ್ಯಾಹ್ನ ಸೆಲ್ವರಾಜ್ ಬಂದ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಗಣಿ ಮುಚ್ಚಿದ ಮೇಲೆ ಈ ಶೆಡ್ಡುಗಳಲ್ಲಿ ದುಡಿದು, ಈಗ ಕೆಜಿಎಫ್‌ನಲ್ಲಿ ಹಳೇ ಕಾರುಗಳ ಸಂಗ್ರಹ ಇಟ್ಟುಕೊಂಡಿದ್ದ ಒಬ್ಬ ಸಾಹುಕಾರನ ಗ್ಯಾರೇಜು ನೋಡಿಕೊಳ್ಳುತ್ತಿದ್ದ. ಅಶ್ವತ್ಥಮ್ಮನಿಗೆ ಇಪ್ಪತ್ತು ವರ್ಷದ ಪರಿಚಯ; ಅವಳನ್ನು ತನ್ನ ತಮಿಳಿನಲ್ಲಿ ತಂಗಚ್ಚಿ, ಅಂದರೆ ತಂಗಿ, ಎಂದೇ ಕರೆಯುತ್ತಿದ್ದ.

"ತಂಗಚ್ಚಿ, ಒಂದು ಗಾಡಿ ಇದೆ. ಬಂದು ನೋಡು."

"ಎಷ್ಟು ವೀಲು?"

"ನಾಲಕ್ಕೇ."

"ನಾಲಕ್ಕು ವೀಲಿಗೆ ಶ್ಯಾಮಲನ ಸ್ಟಿಕ್ಕರ್ ಸಾಕು."

"ಅಯ್ಯೋ ಕಡವುಳೇ! ಅದಕ್ಕೆ ಸ್ಟಿಕ್ಕರ್ ಅಂಟಿಸಿದ್ರೆ ನನ್ನ ಕೈ ಸೇದೋಗ್ತದೆ. ಬಾ, ನೋಡು. ನೋಡಿ ಆಮೇಲೆ ಬಯ್ಯಿ."

ಮಾರನೇ ದಿನ ಭಾನುವಾರ, ಅವಳು ಹೋದಳು. ಕೆಜಿಎಫ್‌ನ ನಂದಿದುರ್ಗ ಗಣಿಯ ಕಡೆ, ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬಗಳಿಗೆ ಬೆನ್ನು ಮಾಡಿ ನಿಂತ ಒಂದು ಹಳೇ ಬಂಗಲೆ. ಹಿಂದೆ ಉದ್ದನೆಯ ಗ್ಯಾರೇಜು. ಹನ್ನೊಂದು ಕಾರುಗಳು ಹೊದಿಕೆ ಹೊದ್ದು ಸಾಲಾಗಿ ನಿಂತಿದ್ದವು. ಮಾಲೀಕ ನವನೀತ್ ನಲವತ್ತೈದರ ಮೆದು ಮಾತಿನ ಮನುಷ್ಯ. ಬೆಂಗಳೂರಿನವನು, ಶನಿವಾರ ಭಾನುವಾರ ಇಲ್ಲಿರುತ್ತಿದ್ದ. ಅವನೇ ಹೊದಿಕೆ ತೆಗೆದ.

ಕಾರು ಕಪ್ಪೆನ್ನುವಷ್ಟು ಗಾಢವಾದ ಮೆರೂನ್ ಬಣ್ಣದ್ದು. ಮೂತಿ ಉದ್ದ. ಮುಂದಿನ ಮಡ್‌ಗಾರ್ಡು ಕೊಕ್ಕರೆಯ ಕತ್ತಿನಂತೆ ಬಾಗಿ ಇಳಿದು, ಬಾಗಿಲ ಕೆಳಗೆ ಹಾದು, ಹಿಂದಿನ ಚಕ್ರದ ಮೇಲೆ ಮತ್ತೆ ಏಳುತ್ತಿತ್ತು. ಎಲ್ಲೂ ಒಂದು ಚೂಪು ಮೂಲೆಯಿಲ್ಲ. ಅಶ್ವತ್ಥಮ್ಮ ಒಂದು ಸುತ್ತು ಬಂದಳು.

"ಡೈಮ್ಲರ್ ಅಮ್ಮ. ಸಾವಿರದ ಒಂಬೈನೂರ ಮೂವತ್ತನಾಲ್ಕು," ಎಂದ ನವನೀತ್. "ಆ ಕಾಲದಲ್ಲಿ ಕಂಪನಿಯವರು ಎಂಜಿನ್ನು, ಕೆಳಗಿನ ಚಾಸಿ ಮಾತ್ರ ಕೊಡ್ತಿದ್ರು. ಬಾಡಿಯನ್ನ ಬೇರೆಯವರು, ಕೋಚ್‌ಬಿಲ್ಡರ್ಸ್ ಅಂತ, ತಗೊಂಡವರ ಇಷ್ಟದ ಪ್ರಕಾರ ಕೈಯಲ್ಲೇ ಕಟ್ಟೋರು. ಒಳಗೆ ಮರದ ಚೌಕಟ್ಟು, ಮೇಲೆ ತಗಡು. ಇದರದ್ದು ಲಂಡನ್ನಲ್ಲಿ ಕಟ್ಟಿದ್ದು. ಈಗ ಪ್ರಪಂಚದಲ್ಲಿ ಎಲ್ಲೂ ಆ ಥರ ಕಟ್ಟೋ ಪದ್ಧತಿ ಇಲ್ಲ."

"ಬಂಗಾರಪೇಟೇಲಿ ಐತೆ," ಎಂದಳು ಅಶ್ವತ್ಥಮ್ಮ.

ಸೆಲ್ವರಾಜ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ದಿನಾ ಹೈವೇಯಲ್ಲಿ ಬರೀ ಚಾಸಿಯ ಮೇಲೆ ಹಲಗೆ ಹಾಕಿ ಕೂತು, ತಲೆಗೆ ಟವಲ್ ಸುತ್ತಿದ ಡ್ರೈವರು ಹೊಸ ಲಾರಿಯನ್ನು ಶೆಡ್ಡಿಗೆ ತರುತ್ತಾನೆ. ಅದಕ್ಕೆ ಮರದ ಚೌಕಟ್ಟು ಕಟ್ಟಿ, ತಗಡು ಬಡಿದು, ಬಣ್ಣ ಬಳಿದು, ಗೀಟು ಎಳೆದು ಕಳಿಸುವುದು ಇವರ ಜೀವನ. ನವನೀತ್ ಅದನ್ನು ತಮಾಷೆ ಎಂದುಕೊಂಡು ನಕ್ಕ.

ಕಾರಿನ ಸೊಂಟದುದ್ದಕ್ಕೂ ಒಂದು ಕಾಲದಲ್ಲಿ ಬೆಣ್ಣೆ ಬಣ್ಣದ ಗೀಟು ಇತ್ತು. ಎಲ್ಲಾ ಹೋಗಿ, ಎಡಗಡೆ ಬಾನೆಟ್ಟಿನ ಮೇಲೆ ಒಂದಡಿ ಮಾತ್ರ ಉಳಿದಿತ್ತು. ಅಶ್ವತ್ಥಮ್ಮ ಬಗ್ಗಿ ಅದನ್ನು ನೋಡಿದಳು. ಉಗುರಿನಿಂದ ಸವರಿದಳು. ಎಲ್ಲಿ ಬ್ರಷ್ ಒತ್ತಿದೆ, ಎಲ್ಲಿ ಹಗುರವಾಗಿದೆ, ಎಲ್ಲಿ ಎಳೆದವನು ಉಸಿರು ಬಿಟ್ಟಿದ್ದಾನೆ.

"ಇವನು ಎಡಗೈಯೋನು," ಎಂದಳು. "ಚೆಂದ ಎಳ್ದವ್ನೆ. ಯಾರಿವನು?"

"ಬಾಡಿ ಕಟ್ಟಿದ ಕಂಪನಿ ಹೆಸರು ಪ್ಲೇಟಿನ ಮೇಲಿದೆ. ಗೀಟು ಎಳೆದೋನ ಹೆಸರನ್ನ ಯಾರು ಬರೆದಿಟ್ಟುಕೊಳ್ತಾರಮ್ಮ?"

ಆ ಮಾತು ಚುಚ್ಚಿತು. ಆದರೆ ಕಾರು ಅವಳನ್ನು ಹಿಡಿದಿತ್ತು. ತೊಂಬತ್ತು ವರ್ಷ ಬಣ್ಣ ಬದಲಾಯಿಸದೆ ಇಟ್ಟುಕೊಂಡ ಗಾಡಿ. ಇದನ್ನು ಯಾರೂ ಎಫ್‌ಸಿಗೆ ಬಿಡುವುದಿಲ್ಲ, ಗುಜರಿಗೆ ಹಾಕುವುದಿಲ್ಲ. ಇದರ ಮೇಲೆ ಎಳೆದದ್ದು ಉಳಿಯುತ್ತದೆ.

"ಅವನು ಎಳೆದ ಒಂದಡಿ ನಾನು ಮುಟ್ಟಲ್ಲ," ಎಂದಳು. "ಅಲ್ಲಿಗೆ ತಂದು ಸೇರಿಸ್ತೀನಿ. ಶನಿವಾರ ಬತ್ತೀನಿ, ಬೆಳಿಗ್ಗೇನೇ."

ಬ್ರಷ್ಷನ್ನು ಅವಳು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಮನೆಯ ಕರುವಿನ ಕಿವಿಯೊಳಗಿನ ಕೂದಲು ಕತ್ತರಿಸಿ, ಬೆರಳುದ್ದ ಬಿಟ್ಟು, ಕೋಳಿ ಗರಿಯ ದಂಟಿಗೆ ಕಟ್ಟಿಕೊಳ್ಳುತ್ತಿದ್ದಳು. ಅಪ್ಪ ಕಲಿಸಿದ್ದು. ಶನಿವಾರ ಕೈ ನಡುಗೀತೆಂದು ಟೀ ಕುಡಿಯಲಿಲ್ಲ. ಮೊದಲ ಬಸ್ಸಿಗೆ ಹೊರಟು ಏಳು ಗಂಟೆಗೆ ಗ್ಯಾರೇಜಿನಲ್ಲಿದ್ದಳು.

"ಫ್ಯಾನ್ ಆಫ್ ಮಾಡು," ಎಂದಳು ಸೆಲ್ವರಾಜನಿಗೆ. "ಬಾಗಿಲು ಮುಚ್ಚು. ಸಾರ್‌ಗೂ ಏಳು, ಉಸಿರು ಮೆಲ್ಲಗೆ ಬಿಡ್ಲಿ."

ಲಾರಿಯಲ್ಲಿ ಗೀಟು ಹಿಂದಿನಿಂದ ಮುಂದಕ್ಕೆ ಬರುತ್ತದೆ. ಗಾಡಿಯ ಮುಖ ಕೊನೆಗೆ. ಮುಖ ಮುಗಿದ ಮೇಲೆ ಕೈ ಇಡಬಾರದು, ಅದು ದೇವರ ವಿಗ್ರಹ ಕಣ್ಣು ಬಿಟ್ಟ ಹಾಗೆ. ಅಶ್ವತ್ಥಮ್ಮ ಡೈಮ್ಲರಿಗೂ ಅದೇ ಮರ್ಯಾದೆ ಕೊಟ್ಟಳು. ಬಾಲದಿಂದ ಶುರು ಮಾಡಿದಳು. ಕಿರುಬೆರಳು ತಗಡನ್ನು ಸವರುತ್ತಾ ದಾರಿ ತೋರಿಸಿತು, ಕಾಲು ಒಂದೊಂದೇ ಅಡ್ಡ ಹೆಜ್ಜೆ ಇಟ್ಟಿತು. ಹಿಂದಿನ ಚಕ್ರದ ಉಬ್ಬು ಹತ್ತಿ, ಬಾಗಿಲ ಬಯಲಿಗಿಳಿದು, ಬೆಣ್ಣೆ ಬಣ್ಣದ ಎಳೆ ಒಂದೇ ದಪ್ಪದಲ್ಲಿ ಅವಳ ಹಿಂದೆ ಹುಟ್ಟುತ್ತಾ ಬಂತು. ಎಡಗಡೆ ಲಂಡನ್ನಿನವನ ಒಂದಡಿಗೆ ಬಂದು ಮುಟ್ಟಿದಾಗ ಎರಡರ ನಡುವೆ ಕೂದಲೂ ತೂರುವಂತಿರಲಿಲ್ಲ.

ಬಲಗಡೆ ಕಷ್ಟವಾಯಿತು. ಕೊನೆಯ ಎರಡಡಿ ಇರುವಾಗ ಹೆಬ್ಬೆರಳು ಎದ್ದಿತು. ಅವಳು ಅದನ್ನು ಉಂಗುರದ ಬೆರಳಿಗೆ ಒತ್ತಿ ಹಿಡಿದಳು, ಹಲ್ಲು ಕಚ್ಚಿದಳು, ಹೆಜ್ಜೆ ನಿಲ್ಲಿಸಲಿಲ್ಲ. ನಡುಕ ಮೊಣಕೈಗೆ ಏರಿತು, ಭುಜಕ್ಕೆ ಏರಿತು. ಗೀಟಿಗೆ ಅದು ತಿಳಿಯಲಿಲ್ಲ. ಬಾನೆಟ್ಟಿನ ತುದಿಯಲ್ಲಿ ಬ್ರಷ್ ಎತ್ತಿ, ಪಕ್ಕದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟಳು. ಮೈ ಬೆವತಿತ್ತು.

ಸೆಲ್ವರಾಜ್ ಟಾರ್ಚ್ ಬಿಟ್ಟುಕೊಂಡು ತುದಿಯಿಂದ ತುದಿಗೆ ನಡೆದ. "ತಂಗಚ್ಚಿ," ಎಂದ. ಟಾರ್ಚ್ ಆರಿಸದೆ ಇನ್ನೊಂದು ಸಲ ನಡೆದ.

ನವನೀತ್ ಮೊಬೈಲ್ ತೆಗೆದು ಫೋಟೋ ಹೊಡೆದುಕೊಂಡ. "ಅಮ್ಮ, ಸ್ವಲ್ಪ ಪಕ್ಕಕ್ಕೆ ಸರೀತೀರಾ? ನಿಮ್ಮ ನೆರಳು ಬೀಳ್ತಾ ಇದೆ."

ಅವಳು ಸರಿದಳು. ಅವತ್ತು ಸಿಟ್ಟು ಬರಲಿಲ್ಲ. ಬಸ್ಸಿನಲ್ಲಿ ಕೂತು ನಡುಗುವ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು. ನಡುಗು ಇನ್ನು, ನಿನ್ನ ಕೆಲಸ ಮುಗೀತು ಎಂದುಕೊಂಡಳು. ಬಹಳ ವರ್ಷಗಳ ಮೇಲೆ ಅವಳ ಹೊಟ್ಟೆ ತಣ್ಣಗಿತ್ತು.

ಗುರುವಾರ ಶ್ಯಾಮಲನನ್ನು ಎಳೆದುಕೊಂಡು ಹೋದಳು. "ಬಾ, ನಿನ್ನ ಮಿಷನ್ನಿಗೆ ತೋರಿಸ್ತೀನಿ ಗೀಟು ಅಂದ್ರೆ ಏನಂತ." ಶ್ಯಾಮಲ ಗೊಣಗಿಕೊಂಡೇ ಅಂಗಡಿ ಬಾಗಿಲೆಳೆದು ಬಂದಿದ್ದಳು.

ಗ್ಯಾರೇಜಿನ ಬಾಗಿಲು ತೆರೆದಿತ್ತು. ಸೆಲ್ವರಾಜ್ ಕಾರಿನ ಬಲಗಡೆ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಒಂದು ಬಟ್ಟಲು ಟೀ ಡಿಕಾಕ್ಷನ್, ಒಂದು ತಟ್ಟೆಯಲ್ಲಿ ನಯವಾದ ಬೂದಿ. ಒದ್ದೆ ಬಟ್ಟೆಗೆ ಬೂದಿ ಹಚ್ಚಿಕೊಂಡು ಗೀಟನ್ನು ಉಜ್ಜುತ್ತಿದ್ದ. ಎರಡು ಬಾಗಿಲುಗಳ ಉದ್ದ ಬೆಣ್ಣೆ ಬಣ್ಣ ಕಂದಿ ಕೊಳೆ ಹಲ್ಲಿನಂತಾಗಿತ್ತು. ಅಲ್ಲಲ್ಲಿ ಸವೆದು ಮುರಿದಿತ್ತು.

ಅಶ್ವತ್ಥಮ್ಮ ಬಾಗಿಲಲ್ಲೇ ನಿಂತಳು. ಶ್ಯಾಮಲ ಒಮ್ಮೆ ತಾಯಿಯ ಮುಖ ನೋಡಿದಳು, ಒಮ್ಮೆ ಕಾರು ನೋಡಿದಳು, ತಮಾಷೆಗೆಂದು ತೆರೆದ ಬಾಯಿ ಮುಚ್ಚಿಕೊಂಡಳು.

"ಏನ್ಲಾ ಮಾಡ್ತಾ ಇದೀಯ?" ಎಂದಳು ಅಶ್ವತ್ಥಮ್ಮ.

ಸೆಲ್ವರಾಜ್ ತಿರುಗಿ ನೋಡಲಿಲ್ಲ. "ಸಾರ್ ಹೇಳಿದ್ರು."

"ಸಾರ್ ಏಳಿದ್ರಾ. ನೀನೇ ಬಂದು ಕರೆದಲ್ಲೋ ನನ್ನ. ಟಾರ್ಚ್ ಹಿಡಿದು ನೋಡಿದಲ್ಲೋ. ನಿನ್ನ ಕೈಗೇನಾಗಿತ್ತು?"

"ಎನ್ನ ಮಾಡೋದು ತಂಗಚ್ಚಿ..."

"ತಂಗಚ್ಚಿ ಅನ್ನಬೇಡ."

ಒಳಗಿನಿಂದ ನವನೀತ್ ಬಂದ. ಆ ವಾರ ರಜೆ ಹಾಕಿ ಇಲ್ಲೇ ಉಳಿದಿದ್ದ. ಅವನಿಗೆ ಮುಜುಗರವಾದಂತೆ ಕಾಣಲಿಲ್ಲ. ಇಬ್ಬರಿಗೂ ಕುರ್ಚಿ ಹಾಕಿಸಿದ. ಇಬ್ಬರೂ ಕೂರಲಿಲ್ಲ.

"ತಪ್ಪು ತಿಳ್ಕೋಬೇಡಿ ಅಮ್ಮ. ಭಾನುವಾರ ಕ್ಲಬ್ಬಿನ ಮೈದಾನದಲ್ಲಿ ಷೋ ಇದೆ. ಮದ್ರಾಸು, ಹೈದರಾಬಾದಿಂದೆಲ್ಲ ಕಾರುಗಳು ಬರ್ತವೆ. ಹೊಸದಾಗಿ ರಿಪೇರಿ ಮಾಡಿದ ಕಾರು ಯಾರಲ್ಲಿ ಬೇಕಾದ್ರೂ ಇರುತ್ತೆ. ಯಾರೂ ಮುಟ್ಟದೆ, ಹುಟ್ಟಿದಾಗಿಂದ ಅದೇ ಬಣ್ಣದಲ್ಲಿ ಉಳಿದಿರೋ ಕಾರು ಅಂದ್ರೆ ಬೇರೆ ಗೌರವ. ಅದಕ್ಕೇ ಬೇರೆ ಬಹುಮಾನ. ಬಣ್ಣ ಎಲ್ಲಾ ಮೂಲದ್ದೇ ಇದೆ, ಗೀಟು ಒಂದು ಇರಲಿಲ್ಲ. ನಿಮ್ಮ ಗೀಟು ತುಂಬಾ ಚೆನ್ನಾಗಿದೆ. ಅದೇ ತೊಂದರೆ. ನಿನ್ನೆ ಎಳೆದ ಹಾಗಿದೆ. ತೊಂಬತ್ತು ವರ್ಷದ್ದು ಅಂತ ಯಾರು ನಂಬ್ತಾರೆ?"

ಅಶ್ವತ್ಥಮ್ಮ ಒಳಗೆ ಬಂದು ಸವೆದ ಗೀಟಿನ ಮುಂದೆ ನಿಂತಳು.

"ಒಂದು ಸಹಾಯ ಮಾಡಿ," ಎಂದ ಅವನು. ದನಿ ಇನ್ನೂ ಮೆತ್ತಗಾಯಿತು. "ಉಜ್ಜಿದ್ರೆ ಬಣ್ಣ ಹೋಗುತ್ತೆ, ಗೀಟು ಮಾತ್ರ ನೇರನೇ ಉಳಿಯುತ್ತೆ. ಹಿಂದಿನ ಬಾಗಿಲ ಹತ್ರ ಒಂದೆರಡು ಕಡೆ ಸ್ವಲ್ಪ ಅಲುಗಿದ ಹಾಗೆ ತಿದ್ದಿಕೊಡಿ. ನಿಮಗೂ ವಯಸ್ಸಾಗಿದೆ, ನಡುಗಿಸೋದೇನು ಕಷ್ಟ ಇಲ್ಲ ಅಲ್ವಾ?"

ಅವಳು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಡುಗ್ಸೋದು ನಂಗೆ ಬರಲ್ಲ," ಎಂದು ಹೊರಟಳು.

"ಷೋಗೆ ನೀವು ಬರೋದೇನೂ ಬೇಡ," ಎಂದು ಹಿಂದಿನಿಂದ ದನಿ ಬಂತು. ಅದೂ ಮೆತ್ತಗೇ ಇತ್ತು.

ತಾಯಿ ಮಗಳು ಬಸ್‌ಸ್ಟಾಪಿಗೆ ಬಂದರು. ಅಲ್ಲಿ ಶ್ಯಾಮಲ ಶುರು ಮಾಡಿದಳು.

"ಬಿಡಮ್ಮ. ಅವನ ಕಾರು, ಅವನ ಹಣೇಬರಹ. ಲಾರಿ ಮೇಲೆ ಎಳೆದಿದ್ದು ಐದು ವರ್ಸಕ್ಕೆ ಓಯ್ತದೆ, ಇದು ಐದು ದಿನಕ್ಕೆ ಓಯ್ತು. ಅಷ್ಟೇ ತಾನೇ?"

"ಅಷ್ಟೇ ಅಲ್ಲ ಕಣೇ. ಲಾರಿಯೋನು ಗಾಡಿ ಹೊಸದಾಗ್ಲಿ ಅಂತ ಅಳಿಸ್ತಾನೆ. ಇವನು ನಾನು ಹುಟ್ಟೇ ಇಲ್ಲ ಅನ್ನೋಕೆ ಉಜ್ಜಿಸ್ತಾ ಅವ್ನೆ. ನನ್ನ ಗೀಟು ಬೇಕು, ನಾನು ಬೇಡ. ಅಪ್ಪನ ಕಾಲದಲ್ಲಿ ನಿಂಬೆಹಣ್ಣು ಕೊಯ್ಸಿದನಲ್ಲ, ಅವನೇ ವಾಸಿ. ನಾನು ಮುಟ್ಟಿದೀನಿ ಅಂತಾನಾದ್ರೂ ಒಪ್ಕೊಂಡ."

ಶ್ಯಾಮಲ ತಾಯಿಯ ಬಲಗೈಯನ್ನು ಸೆರಗಿನಿಂದ ಹೊರಗೆಳೆದು ತನ್ನ ಎರಡು ಕೈಗಳ ನಡುವೆ ಹಿಡಿದಳು. ಅದು ಅಲ್ಲೂ ನಡುಗುತ್ತಿತ್ತು.

"ಯುಗಾದಿಯಿಂದ ನೋಡ್ತಾ ಇದೀನಿ," ಎಂದಳು. "ನೀನೇ ಏಳ್ತೀಯ ಅಂತ ಸುಮ್ನಿದ್ದೆ."

"ಏಳಿದ್ರೆ ನೀನು ಸ್ಟಿಕ್ಕರ್ ಅಂಟಿಸ್ತೀಯ."

"ಅಂಟಿಸ್ತೀನಿ ಮತ್ತೆ. ಬಾಯಿಗೆ."

ಅಶ್ವತ್ಥಮ್ಮನಿಗೆ ನಗು ಬರಲಿಲ್ಲ. ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಕರುವಿಗೆ ಹುಲ್ಲು ಹಾಕುವಾಗ, ನೀರು ಹಿಡಿಯುವಾಗ, ಒಂದೇ ಚಿತ್ರ: ಬೂದಿ ಹಚ್ಚಿದ ಬಟ್ಟೆ, ಅದರ ಕೆಳಗೆ ತನ್ನ ಕೊನೆಯ ಗೀಟು. ಅದು ಉಳಿಯುತ್ತದೆ, ನಿಜ. ಇನ್ನೊಂದು ತೊಂಬತ್ತು ವರ್ಷ ಉಳಿಯುತ್ತದೆ. ಲಂಡನ್ನಿನವನ ಹೆಸರಿಲ್ಲದ ಲೆಕ್ಕದಲ್ಲಿ ತನ್ನದೂ ಸೇರಿ ಹೋಗುತ್ತದೆ.

ಭಾನುವಾರ ಅವಳು ಬಣ್ಣದ ಕಲೆಯಿದ್ದ ಕೆಲಸದ ಸೀರೆಯಲ್ಲೇ ಹೊರಟಳು. ಶ್ಯಾಮಲ ಬೇರೆ ಸೀರೆ ತೆಗೆದುಕೊಟ್ಟರೆ ತೆಗೆದುಕೊಳ್ಳಲಿಲ್ಲ. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು.

ಮೈದಾನದ ಹುಲ್ಲಿನ ಮೇಲೆ ಮೂವತ್ತು ನಲವತ್ತು ಕಾರುಗಳು. ಹಗ್ಗ ಕಟ್ಟಿದ್ದರು. ಹಗ್ಗದ ಒಳಗೆ ಟೋಪಿ, ಕಪ್ಪು ಕನ್ನಡಕ, ಹತ್ತಿ ಸೀರೆ. ಹೊರಗೆ ಊರಿನ ಜನ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಡೈಮ್ಲರ್ ನಡುವೆ ನಿಂತಿತ್ತು. ಎರಡೂ ಕಡೆ ಗೀಟು ಕಂದಿತ್ತು, ಸವೆದಿತ್ತು. ಸೆಲ್ವರಾಜ್ ಹೊಸ ಯೂನಿಫಾರ್ಮ್ ತೊಟ್ಟು ಹಿಂದೆ ನಿಂತಿದ್ದ.

ಹನ್ನೊಂದು ಗಂಟೆಗೆ ತೀರ್ಪುಗಾರರು ಬಂದರು. ಮೂವರು. ಅವರಲ್ಲಿ ಪ್ರೇರಣಾ ಎಂಬ ಹೆಂಗಸಿನ ಕೈಯಲ್ಲಿ ಮೈಕ್ ಇತ್ತು. ಜನಕ್ಕೆ ಕನ್ನಡದಲ್ಲಿ ವಿವರಿಸುತ್ತಿದ್ದಳು. ಚೆನ್ನಾಗಿ, ಪ್ರೀತಿಯಿಂದ ವಿವರಿಸುತ್ತಿದ್ದಳು. ಡೈಮ್ಲರಿನ ಹತ್ತಿರ ಬಂದು ಮಂಡಿಯೂರಿ ಗೀಟನ್ನು ನೋಡಿದಳು.

"ಇಲ್ಲಿ ನೋಡಿ," ಎಂದಳು ಮೈಕಿನಲ್ಲಿ. "ತೊಂಬತ್ತು ವರ್ಷ ಬಿಸಿಲು ಮಳೆ ತಿಂದಿದೆ. ಆದ್ರೂ ಎಳೆದ ಕೈ ಎಷ್ಟು ಸ್ಥಿರವಾಗಿತ್ತು ನೋಡಿ. ಹದಿನಾರು ಅಡಿ, ಒಂದೇ ಉಸಿರು. ಇಂಥ ಕೈಗಳು ಈಗ ಇಲ್ಲ. ಆ ಕೈಗಳ ಕಾಲ ಮುಗಿದುಹೋಯ್ತು."

ನವನೀತ್ ತಲೆ ಬಾಗಿಸಿ ಆ ಹೊಗಳಿಕೆ ತೆಗೆದುಕೊಂಡ.

ಅಶ್ವತ್ಥಮ್ಮ ಸೀರೆ ಎತ್ತಿ ಹಗ್ಗ ದಾಟಿದಳು.

"ಐತೆ," ಎಂದಳು. "ಆ ಕೈ ನಂದು. ಓದ ವಾರದ ಶನಿವಾರ ಎಳೆದಿದ್ದು."

ಮೈಕ್ ಆ ಮಾತನ್ನು ಹಿಡಿದು ಮೈದಾನಕ್ಕೆಲ್ಲ ಹಂಚಿತು. ಹಗ್ಗದಾಚೆ ಯಾರೋ "ಗೀಟಮ್ಮ ಕಣ್ಲಾ!" ಎಂದು ಕೂಗಿದರು.

ನವನೀತ್ ಮುಗುಳ್ನಕ್ಕ. "ಕ್ಷಮಿಸಿ. ನಮ್ಮ ಗ್ಯಾರೇಜಲ್ಲಿ ಕಸ ಗುಡಿಸ್ತಾರೆ ಪಾಪ. ಸ್ವಲ್ಪ ಹೀಗೇ. ಸೆಲ್ವರಾಜ್, ಕರ್ಕೊಂಡು ಹೋಗು."

ಸೆಲ್ವರಾಜ್ ತನ್ನ ಬೂಟು ನೋಡುತ್ತಾ ನಿಂತ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಕದಲಲೂ ಇಲ್ಲ.

ಪ್ರೇರಣಾ ಎದ್ದು ನಿಂತಳು. ಅಶ್ವತ್ಥಮ್ಮನ ಸೀರೆಯ ಕಲೆಗಳನ್ನು ನೋಡಿದಳು. "ಅಮ್ಮ, ನೀವೇ ಎಳೆದಿದ್ದಾದ್ರೆ ಒಂದಡಿ ಎಳೆದು ತೋರಿಸ್ತೀರಾ? ಬಣ್ಣ, ಬ್ರಷ್ ತರಿಸ್ತೀನಿ."

"ತೋರಿಸ್ಲಿ," ಎಂದ ನವನೀತ್. ಅವನ ಕಣ್ಣು ಅವಳ ಬಲಗೈ ಮೇಲಿತ್ತು. ಈಗ ಅವನಿಗೆ ಕಂಡಿತ್ತು. "ಖಂಡಿತ ತೋರಿಸ್ಲಿ."

ಹನ್ನೊಂದು ದಾಟಿತ್ತು. ಕೈ ಮಣಿಕಟ್ಟಿನವರೆಗೆ ಕುಣಿಯುತ್ತಿತ್ತು. ಹತ್ತಿರವಿದ್ದವರು ಅದನ್ನು ನೋಡಿದರು. ಯಾರೋ ನಕ್ಕರು, ಯಾರೋ ಆ ನಕ್ಕವರನ್ನು ಗದರಿದರು. ಅಶ್ವತ್ಥಮ್ಮ ತನ್ನ ಕೈಯನ್ನು ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡಲಿ ಎಂಬಂತೆ ಹಾಗೇ ಬಿಟ್ಟಳು.

"ಎಳೆಯಕ್ಕೆ ಇನ್ನು ಆಗಲ್ಲ," ಎಂದಳು. "ಅದೇ ಕಡೇದು. ಅಳಿಸಿ ತೋರಿಸ್ತೀನಿ. ಟರ್ಪೆಂಟೈನ್ ಕೊಡಿ."

ಯಾರೂ ಅಲ್ಲಾಡಲಿಲ್ಲ. ಆಗ ಸೆಲ್ವರಾಜ್ ಡಿಕ್ಕಿ ತೆರೆದು ಬಾಟ್ಲು ತೆಗೆದ. ಹೆಗಲ ಮೇಲಿನ ಟವಲನ್ನು ನೆನೆಸಿ, ಮಾಲೀಕನ ಕಡೆ ನೋಡದೆ, ಅವಳ ಕೈಗೆ ಕೊಟ್ಟ.

"ಎಣ್ಣೆ ಬಣ್ಣ ಮೇಲೆ ಬೇಗ ಒಣಗ್ತದೆ," ಎಂದಳು ಅವಳು ಪ್ರೇರಣಾಗೆ. "ಒಳಗೆ ಗಟ್ಟಿಯಾಗಕ್ಕೆ ತಿಂಗಳು ಬೇಕು. ಬ್ರಷ್ ಉದ್ದ ಓಡ್ಲಿ ಅಂತ ನಾನು ಅಗಸೆ ಎಣ್ಣೆ ಜಾಸ್ತಿ ಆಕ್ತೀನಿ. ಮೊದ್ಲು ಲಂಡನ್ನೋನ್ದು ನೋಡಿ."

ಎಡಗಡೆ ಬಾನೆಟ್ಟಿನ ಮೇಲೆ ಲಂಡನ್ನಿನವನ ಒಂದಡಿಯನ್ನು ಬಲವಾಗಿ ಒರೆಸಿದಳು. ನಾಲ್ಕು ಸಲ, ಐದು ಸಲ. ಟವಲಿಗೆ ಒಂಚೂರು ಧೂಳು ಬಂತು. ಗೀಟು ಹಾಗೇ ಇತ್ತು.

"ಇದು ಅವನದು."

ಹಿಂದಕ್ಕೆ ನಡೆದು ಬಾಲದ ಹತ್ತಿರ ನಿಂತಳು. ಗೀಟು ಎಳೆದ ದಾರಿಯಲ್ಲೇ, ಅದೇ ಅಡ್ಡ ಹೆಜ್ಜೆಯಲ್ಲಿ ಒರೆಸುತ್ತಾ ಬಂದಳು. ಒಂದೇ ಸವರಿಗೆ ಬೆಣ್ಣೆ ಬಣ್ಣ ಎದ್ದು ಟವಲಿಗೆ ಬಂತು. ಕೆಳಗೆ ಹಳೇ ಮೆರೂನ್ ಏನೂ ಆಗದವರ ಹಾಗೆ ಹೊಳೆಯಿತು. ಕೈ ನಡುಗುತ್ತಿತ್ತು. ಅಳಿಸಲು ಅದು ಅಡ್ಡಿಯಾಗಲಿಲ್ಲ.

"ಇದು ನಂದು."

"ಸಾಕಮ್ಮ," ಎಂದಳು ಪ್ರೇರಣಾ. ಮೈಕ್ ಕೆಳಗಿಳಿಸಿದ್ದಳು. ಮುಖ ಕೆಂಪಾಗಿತ್ತು. "ಗೊತ್ತಾಯ್ತು. ದಯವಿಟ್ಟು ನಿಲ್ಸಿ."

ಅಶ್ವತ್ಥಮ್ಮ ನಿಲ್ಲಿಸಲಿಲ್ಲ. ಎಡಗಡೆ ಮುಗಿಸಿ ಬಲಗಡೆಗೆ ಬಂದಾಗ ನವನೀತ್ ಅಡ್ಡ ನಿಂತ. ಅವನ ದನಿ ಮೊದಲ ಸಲ ಒಡೆದಿತ್ತು.

"ಈ ಸೈಡ್ ಬಿಡಿ. ನಾನು ಒಪ್ಕೊಳ್ತೀನಿ, ಎಲ್ಲರ ಮುಂದೆ ಒಪ್ಕೊಳ್ತೀನಿ. ನೀವು ಎಳೆದಿದ್ದು ಅಂತ ಹಿತ್ತಾಳೆ ಪ್ಲೇಟ್ ಹಾಕಿಸ್ತೀನಿ, ನಿಮ್ಮ ಹೆಸರು ಹಾಕಿ. ಇದು ನಿಮ್ಮ ಕಡೇ ಗೀಟು ಅಂದ್ರಲ್ಲ. ಇರಲಿ ಬಿಡಿ ಅಮ್ಮ."

ಅವಳು ಟವಲ್ ಹಿಡಿದು ನಿಂತಳು. ಹಿತ್ತಾಳೆಯ ಮೇಲೆ ತನ್ನ ಹೆಸರು. ತೊಂಬತ್ತು ವರ್ಷ. ಇದಕ್ಕಿಂತ ಹೆಚ್ಚಿನದನ್ನು ಅವಳು ಯಾವತ್ತೂ ಬಯಸಿರಲಿಲ್ಲ. ಬಗ್ಗಿ ಗೀಟನ್ನು ನೋಡಿದಳು. ಬಾನೆಟ್ಟಿನ ಹತ್ತಿರದ ಆ ಎರಡಡಿ, ಹಲ್ಲು ಕಚ್ಚಿ ನಡುಕವನ್ನು ಭುಜಕ್ಕೆ ಅಟ್ಟಿ ಎಳೆದ ಎರಡಡಿ, ಎಲ್ಲಿದೆ ಎಂದು ಹುಡುಕಿದಳು. ಅಲ್ಲಿ ಟೀ ಕಲೆ ಇತ್ತು. ಮೂರು ಕಡೆ ಬೇಕೆಂದೇ ಕೆರೆದ ಗಾಯವಿತ್ತು.

"ಇದು ನಾನು ಎಳೆದ ಗೀಟಲ್ಲ," ಎಂದಳು. "ನೀನು ಉಜ್ಜಿಸಿದ ಗೀಟು. ಇದಕ್ಕೆ ನನ್ನ ಹೆಸರು ಯಾಕೆ? ಆ ಕಡೆ ಸರಿ. ನಿನ್ನ ನೆರಳು ಬೀಳ್ತಾ ಐತೆ."

ಅವನು ಸರಿದ. ಅವಳು ಬಾಲದಿಂದ ಶುರು ಮಾಡಿ ಮುಖದವರೆಗೂ ಒರೆಸಿದಳು. ಟವಲನ್ನು ನಾಲ್ಕು ಮಡಿಕೆ ಮಾಡಿ, ಗಾಡಿಯ ಮೇಲಿಡದೆ, ಹುಲ್ಲಿನ ಮೇಲಿಟ್ಟು ಹೊರಟಳು. ಜನ ದಾರಿ ಬಿಟ್ಟರು. ಯಾರೋ ಚಪ್ಪಾಳೆ ತಟ್ಟಲು ಶುರು ಮಾಡಿದರು. ಅವಳು ಆ ಕಡೆ ನೋಡಿದ ರೀತಿಗೆ ನಿಲ್ಲಿಸಿದರು.

ಬಸ್‌ಸ್ಟಾಪಿನಲ್ಲಿ ಅವಳು ನಿಂತು ಹತ್ತು ನಿಮಿಷಕ್ಕೆ ಸೆಲ್ವರಾಜ್ ಬಂದ. ಯೂನಿಫಾರ್ಮಿನ ಅಂಗಿ ಇರಲಿಲ್ಲ, ಬನಿಯನ್ ಮೇಲೆ ಸ್ವೆಟರ್ ಹಾಕಿಕೊಂಡಿದ್ದ.

"ಕೆಲಸ ಬಿಟ್ಟೆ," ಎಂದ.

ಅವಳು ರಸ್ತೆ ನೋಡುತ್ತಿದ್ದಳು.

"ಅವನೇ ಬಿಡಿಸಿದ ಅನ್ನು. ನಾನು ಬಿಡೋಕೆ ಮುಂಚೆ." ರಸ್ತೆಗೂ ಅವಳಿಗೂ ನಡುವೆ ಬಂದು ನಿಂತ: "ಟವಲ್ ನಾನೇ ಕೊಟ್ಟೆ ಅಲ್ಲವಾ ತಂಗಚ್ಚಿ?"

"ಕೊಟ್ಟೆ," ಎಂದಳು ಅಶ್ವತ್ಥಮ್ಮ. "ಬೂದಿ ಹಾಕಿ ಉಜ್ಜಿದ್ದೂ ನೀನೇ. ಎರಡೂ ಕಡೆ. ಒಂದು ಕಡೆ ಉಜ್ಜೋವಾಗ ನಾನು ಬಂದು ಹೋದೆ. ಆಮೇಲೂ ಇನ್ನೊಂದು ಕಡೆ ಉಜ್ಜಿದೆ."



ಬಂಗಾರಪೇಟೆ ಬಸ್ಸು ಬಂತು. ಒಳಗೆ ಇಬ್ಬರು ಕೂರುವ ಒಂದು ಸೀಟು ಮಾತ್ರ ಖಾಲಿಯಿತ್ತು. ಅವಳು ಕಿಟಕಿಯ ಪಕ್ಕ ಕೂತು ಇನ್ನೊಂದರ ಮೇಲೆ ತನ್ನ ಬ್ಯಾಗಿಟ್ಟಳು. ಸೆಲ್ವರಾಜ್ ಕಂಬಿ ಹಿಡಿದು ಪಕ್ಕದಲ್ಲಿ ನಿಂತ.

"ಬ್ಯಾಗ್ ತೆಗೀರಮ್ಮ, ಯಜಮಾನ್ರು ಕೂತ್ಕೊಳ್ಳಲಿ," ಎಂದ ಕಂಡಕ್ಟರ್.

"ನಂಗೆಂಗೂ ಫ್ರೀ," ಎಂದಳು ಅಶ್ವತ್ಥಮ್ಮ. "ಬ್ಯಾಗಿಗೆ ಒಂದು ಟಿಕೀಟು ಅರಿ."

ಕಂಡಕ್ಟರ್ ಇಬ್ಬರ ಮುಖ ನೋಡಿ ಮುಂದಕ್ಕೆ ಹೋದ. ಸೆಲ್ವರಾಜ್ ಬಂಗಾರಪೇಟೆಯವರೆಗೂ ನಿಂತೇ ಬಂದ.